ಕೆ ಉರುಫ್ ಪೊಟ್ಯಾಸಿಯಂ

ನೀರು ಪರೀಕ್ಷೆ ಮಾಡುವವಳ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ನೀರು ಕುಡಿಯುವುದಿಲ್ಲ. ಬಂದ ನೆಂಟರು ಲೋಟ ತಗೊಂಡು ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, "ಕುಡೀಬಹುದಾ?" ಅನ್ನುತ್ತಾರೆ. ಕುಡಿಯಬಹುದು ಅಂದರೂ ಅರ್ಧ ಉಳಿಸುತ್ತಾರೆ. ನಾನು ಬನಾರಸಿಗೆ ಬಂದು ಹದಿನಾರು ವರ್ಷವಾಯಿತು. ಕಂಟೋನ್ಮೆಂಟ್ ಕಡೆ ಕೇಂದ್ರ ಸರ್ಕಾರದ ಒಂದು ಸಣ್ಣ ಲ್ಯಾಬು, ಬೆಳಗ್ಗೆಯಿಂದ ಸಂಜೆವರೆಗೂ ಬಾಟಲಿಗಳ ಮುಖ ನೋಡುವ ಕೆಲಸ. ಗಂಡ ಬ್ಯಾಂಕಿನವರು, ಗೋರಖಪುರಕ್ಕೆ ವರ್ಗವಾಗಿ ತಿಂಗಳಿಗೆರಡು ಸಲ ಒಗೆಯುವ ಬಟ್ಟೆ ಹೊತ್ತುಕೊಂಡು ಬರುತ್ತಾರೆ. ಈ ನೀರಿನ ಸಹವಾಸದಲ್ಲಿ ಏನಾದರೊಂದು ನಗೆಪಾಟಲು ಆಗುತ್ತಲೇ ಇರುತ್ತದೆ. ಮೊದಮೊದಲು ನಗು ತಾನಾಗಿ ಬರುತ್ತಿತ್ತು. ಈಗ ಮೊದಲು ಸುಸ್ತು ಬರುತ್ತದೆ, ನಗು ಆಮೇಲೆ ಯಾವಾಗಲೋ ಬರುತ್ತದೆ.

ಹೋದ ವರ್ಷ ಅಪ್ಪ, ಅಮ್ಮನನ್ನು ಮಂಡ್ಯದಿಂದ ಇಲ್ಲಿಗೆ ಕರೆಸಿಕೊಂಡೆ. ಅಪ್ಪನ ಕಿಡ್ನಿ ಸೋಲುತ್ತಾ ಬಂದಿತ್ತು. ಇಲ್ಲಿನ ಲಂಕಾ ಅನ್ನುವ ಬಡಾವಣೆಯ ಹತ್ತಿರ ನಮ್ಮ ಬಾಡಿಗೆ ಮನೆ, ದೊಡ್ಡ ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ. ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬದುಕಿನಲ್ಲಿ ಅವರಿಗೆ ಕಾಣುವುದು ಎರಡೇ ಜಾತಿ: ವಾದಿ, ಪ್ರತಿವಾದಿ. ಅವರು ಬಂದ ಮೇಲೆ ನನಗೆ ಲ್ಯಾಬು ಎರಡಾಯಿತು, ಕಂಟೋನ್ಮೆಂಟಿನಲ್ಲಿ ಒಂದು, ಮನೆಯಲ್ಲಿ ಒಂದು.

೧. ಖಾರ, ಸಿಹಿ

ಅವರು ಬಂದ ಮಾರನೇ ದಿನ ನಾನು ಡ್ಯೂಟಿಗೆ ಹೋಗಿದ್ದೆ. ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕರು, ಅಪ್ಪಟ ಬನಾರಸಿನವರು, ಬಾಯಲ್ಲಿ ಪಾನ್ ಇಟ್ಟುಕೊಂಡೇ ಮೇಲೆ ಬಂದು ಅಪ್ಪನಿಗೆ ನಮಸ್ಕಾರ ಮಾಡಿ, "ಬಾಬೂಜೀ, ಬೋರಿಂಗ್ ಕಾ ಪಾನೀ ಥೋಡಾ ಖಾರಾ ಹೈ" ಎಂದು ಎಚ್ಚರಿಸಿದರಂತೆ. ಗಲ್ಲಿ ಮೂಲೆಯ ಹ್ಯಾಂಡ್‌ಪಂಪ್ ತೋರಿಸಿ, "ಉಸ್‌ಕಾ ಪಾನೀ ಏಕದಮ್ ಮೀಠಾ" ಎಂದೂ ಹೇಳಿ ಹೋದರಂತೆ.

ಸಂಜೆ ನಾನು ಬಂದಾಗ ಅಪ್ಪನ ತುಟಿ ಒಣಗಿತ್ತು. ಬೆಳಗ್ಗೆಯಿಂದ ಎರಡು ಲೋಟ ಕಾಫಿ ಬಿಟ್ಟರೆ ಹನಿ ನೀರು ಮುಟ್ಟಿಲ್ಲ. ಆ ಕಾಫಿಗೂ ಅಮ್ಮ ಬರೀ ಹಾಲನ್ನೇ ಕಾಸಿದ್ದಾಳೆ.

"ಯಾಕಪ್ಪ?"

"ನಲ್ಲಿ ನೀರು ಖಾರ ಅಂತೆ ಕಣವ್ವ. ನನಗೆ ಹೊಟ್ಟೆ ಉರಿ. ಪಂಪಿನ ನೀರು ಸಿಹಿ ಅಂತೆ. ನನಗೆ ಶುಗರ್ರು. ಒಂದು ಕಡೆ ಖಾರ, ಒಂದು ಕಡೆ ಸಿಹಿ. ಈ ಊರಲ್ಲಿ ಬರೀ ನೀರು ಎಲ್ಲಿ ಸಿಕ್ಕತ್ತೆ?"

ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತಲ್ಲೇ ಪಾಠ ಮಾಡಿದೆ. ಹಿಂದಿಯಲ್ಲಿ ಖಾರಾ ಅಂದರೆ ಉಪ್ಪುಪ್ಪು, ಗಡಸು ನೀರು. ಮೀಠಾ ಅಂದರೆ ಸಪ್ಪೆ, ಕುಡಿಯುವ ನೀರು. ಅಪ್ಪ ತಲೆಯಾಡಿಸಿ ಒಂದು ಲೋಟ ಗಟಗಟ ಕುಡಿದರು. ಅಮ್ಮ ಮಾತ್ರ ಒಲೆಯ ಮುಂದೆ ಯೋಚನೆ ಮಾಡುತ್ತಾ ನಿಂತಳು.

"ಉಪ್ಪಿಗೆ ಖಾರ ಅಂತಾರೆ, ಸಪ್ಪೆಗೆ ಸಿಹಿ ಅಂತಾರೆ. ಅಲ್ಲ ಕಣಮ್ಮಿ, ಈ ಊರಿನ ಹೆಂಗಸ್ರು ಅಡುಗೆ ಹೆಂಗೆ ಮಾಡ್ತಾರೆ?"

೨. ಜಾಮೀನು ಇಲ್ಲ

ಅಪ್ಪನ ರಕ್ತ ಪರೀಕ್ಷೆಯ ರಿಪೋರ್ಟು ಬಂತು. ಡಾಕ್ಟರು ಇಲ್ಲಿಯವರೇ, ಮೆತ್ತನೆ ಮಾತಿನವರು. ಕಾಗದದ ಮೇಲೆ ಒಂದು ಕಡೆ ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದರು. 'ಕೆ' ಅನ್ನುವ ಇಂಗ್ಲಿಷ್ ಅಕ್ಷರ, ಅದರ ಮುಂದೆ ೫.೯. ಐದರ ಒಳಗಿರಬೇಕಾದ್ದು. ಸೋತ ಕಿಡ್ನಿ ಪೊಟ್ಯಾಸಿಯಂ ಅನ್ನು ಹೊರಗೆ ಹಾಕುವುದಿಲ್ಲ, ರಕ್ತದಲ್ಲೇ ಸೇರುತ್ತದೆ, ಮಿತಿ ಮೀರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ ಎಂದರು. ಒಂದು ತಿಂಗಳು ಪಥ್ಯ ಮಾಡಿ, ಇಳಿಯದಿದ್ದರೆ ಡಯಾಲಿಸಿಸ್ ಶುರು ಮಾಡಬೇಕಾಗುತ್ತದೆ, ವಾರಕ್ಕೆ ಮೂರು ಸಲ ಎಂದರು. ಆಮೇಲೆ ಪಥ್ಯದ ವಿಷಯ ಹತ್ತು ನಿಮಿಷ ಹೇಳಿದರು. ನನ್ನ ಫೋನು ಆಫೀಸಿನಿಂದ ಬಿಡದೆ ಬಡಿದುಕೊಳ್ಳುತ್ತಿತ್ತು. ಆ ಹತ್ತು ನಿಮಿಷದ ಹಿಂದಿಯನ್ನು ಮೆಟ್ಟಿಲಿಳಿಯುತ್ತಾ ಎರಡು ನಿಮಿಷದ ಕನ್ನಡ ಮಾಡಿ ಅಮ್ಮನಿಗೆ ಒಪ್ಪಿಸಿದೆ.

ಆಟೋ ಮನೆ ಹತ್ತಿರ ಬಂದಾಗ ಅಪ್ಪ, "ಮೆಷೀನಿಗೆ ಕಟ್ಟಿಹಾಕೋದಾದ್ರೆ ಬೇಡ ಕಣವ್ವ. ನನ್ನನ್ನ ರೈಲು ಹತ್ತಿಸಿಬಿಡು" ಎಂದರು. ನಾನು ಹೊರಗೆ ಏನೂ ಆಗದವಳಂತೆ ಇದ್ದೆ. ಎಪ್ಪತ್ತೆರಡು ವರ್ಷದ ಅಪ್ಪ ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಊಟವಾದ ಮೇಲೆ ಕನ್ನಡಕ ಏರಿಸಿ ರಿಪೋರ್ಟು ಹಿಡಿದು ಕೂತರು. ಹೆದರಿಕೆ ಹೋಗಿ ಶಿರಸ್ತೇದಾರಿಕೆ ಬಂದಿತ್ತು.

"ಈ ಕೆ ಅಂದ್ರೆ ಕ್ಯಾಲ್ಸಿಯಂ ತಾನೆ?"

"ಅಲ್ಲಪ್ಪ, ಪೊಟ್ಯಾಸಿಯಂ."

"ಪೊಟ್ಯಾಸಿಯಂ ಪಿಯಿಂದ ಶುರುವಾಯ್ತದೆ. ಇಲ್ಲಿ ಕೆ ಅಂತ ಅದೆ."

"ಲ್ಯಾಟಿನ್‌ನಲ್ಲಿ ಅದರ ಹೆಸರು ಕೇಲಿಯಂ. ಅದಕ್ಕೇ ಕೆ."

ಅಪ್ಪ ಕನ್ನಡಕ ತೆಗೆದು, ಮಡಿಸಿ, ನನ್ನನ್ನು ನೋಡಿದರು. "ಅಂದ್ರೆ ಕೆ ಉರುಫ್ ಪೊಟ್ಯಾಸಿಯಂ. ನಲವತ್ತು ವರ್ಷ ಕೋರ್ಟಲ್ಲಿ ನೋಡಿದ್ದೀನಿ ಕಣವ್ವ. ಎರಡು ಹೆಸರು ಇಟ್ಕೊಂಡಿರೋನಿಗೆ ಜಾಮೀನೇ ಕೊಡಬಾರದು."

೩. ಮಾತಾಜಿ

ಬಾಳೆಹಣ್ಣು ನಿಂತಿತು, ಎಳನೀರು ನಿಂತಿತು, ಆಲೂಗಡ್ಡೆ ನಿಂತಿತು. "ಇನ್ನು ಒಳಗೆ ಹೋಗ್ತಿರೋದು ನೀರೊಂದೇ. ಆರೋಪಿ ಅದೇ" ಎಂದು ಅಪ್ಪ ತೀರ್ಮಾನಿಸಿದರು.

ನೀರಿನಲ್ಲಿರುವ ಪೊಟ್ಯಾಸಿಯಂ ಲೆಕ್ಕಕ್ಕೇ ಬರುವುದಿಲ್ಲ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಒಂದು ಲೀಟರ್ ನೀರಿನಲ್ಲಿ ಇರುವುದು ಒಂದು ತುತ್ತು ಬಾಳೆಹಣ್ಣಿಗಿಂತ ಕಡಿಮೆ. ಆರೋಗ್ಯವಂತರಿಗೆ ಅದು ಇದ್ದರೆಷ್ಟು ಇಲ್ಲದಿದ್ದರೆಷ್ಟು. ನಮ್ಮ ಲ್ಯಾಬಿನ ಫಾರ್ಮಿನಲ್ಲಿ ಫ್ಲೋರೈಡಿಗೆ ಮಿತಿ ಇದೆ, ನೈಟ್ರೇಟಿಗೆ ಮಿತಿ ಇದೆ, ಪೊಟ್ಯಾಸಿಯಂಗೆ ಮಿತಿಯೇ ಹಾಕಿಲ್ಲ. ಇದನ್ನು ಹೇಳಿದ್ದೇ ತಪ್ಪಾಯಿತು. "ಮಿತಿಯೇ ಇಲ್ವಾ? ಅಂದ್ರೆ ಕಾಯ್ದೆಯಲ್ಲೇ ಲೋಪ" ಎಂದರು ಅಪ್ಪ.

ಮಾರನೇ ದಿನದಿಂದ ಬಾಟಲಿ ಬರತೊಡಗಿದವು. ನಮ್ಮ ನಲ್ಲಿ, ಮೂಲೆ ಪಂಪು, ಎದುರು ಮನೆ ಫಿಲ್ಟರು. ಅಪ್ಪ ಕನ್ನಡ ಮಾತಾಡಲು ವಾರಕ್ಕೊಂದು ಸಲ ಜಂಗಮವಾಡಿ ಗಲ್ಲಿಗಳ ಕಡೆ ಹೋಗುತ್ತಿದ್ದರು. ಅಲ್ಲಿಂದಲೂ ಪರಿಚಯದ ಮನೆಯವರ ಬಾವಿ ನೀರು ತುಂಬಿಸಿಕೊಂಡು ಬಂದರು. ಪ್ರತಿ ಬಾಟಲಿಗೂ ಚೀಟಿ, ತಾರೀಖು, ಸಹಿ, ಇಬ್ಬರು ಪಂಚರ ರುಜು. ಒಂದರ ಮೇಲೆ ಮನೆ ಮಾಲೀಕರ ರುಜು, ಇನ್ನೊಂದರ ಮೇಲೆ ಸೈಕಲ್‌ರಿಕ್ಷಾದವನ ಹೆಬ್ಬೆಟ್ಟು. ಬೇಡ ಅನ್ನಲು ನನಗೂ ಮನಸ್ಸು ಬರಲಿಲ್ಲ. ಬಾಟಲಿ ತುಂಬುತ್ತಿರುವಷ್ಟು ಹೊತ್ತು ಅವರು ಮೆಷೀನಿನ ಮಾತು ಎತ್ತುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಒಂದೊಂದೇ ಪರೀಕ್ಷೆ ಮಾಡಿದೆ. ಎಲ್ಲವೂ ನಿರಪರಾಧಿ.

ಕೊನೆಗೆ ಒಂದು ಬಾಟಲಿ ಗಂಗಾಜಲ ಬಂತು. ನಮ್ಮ ಲ್ಯಾಬ್ ಸಹಾಯಕ ಐವತ್ತು ದಾಟಿದ ಮನುಷ್ಯ, ಈ ಊರಲ್ಲೇ ಹುಟ್ಟಿದವನು. ಗಂಗೆಯ ನೀರು ಬಂದರೆ ಮೊದಲು ಚಪ್ಪಲಿ ಬಿಡುತ್ತಾನೆ, ಬಾಟಲಿಗೆ ಕೈಮುಗಿಯುತ್ತಾನೆ, ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ಸಿಂಕಿಗೆ ಚೆಲ್ಲದೆ ತುಳಸಿ ಗಿಡಕ್ಕೆ ಹಾಕುತ್ತಾನೆ. ಫಾರ್ಮಿನಲ್ಲಿ 'ಮಾದರಿಯ ವಿಧ' ಅನ್ನುವ ಜಾಗದಲ್ಲಿ ಬೋರ್‌ವೆಲ್ಲೋ ಬಾವಿಯೋ ನದಿಯೋ ಬರೆಯಬೇಕು. ಅವನು ಬರೆದದ್ದು 'ಮಾತಾಜಿ'.

ಪರೀಕ್ಷೆ ಮುಗಿಸಿ, ಪೊಟ್ಯಾಸಿಯಂ ಅಳೆಯುವ ಯಂತ್ರದ ಜ್ವಾಲೆ ಆರಿಸಿದೆ. ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ. "ಮೇಡಂಜೀ, ಮೈಯ್ಯಾ ಪಾಸಾದಳಾ?"

"ಪೊಟ್ಯಾಸಿಯಂನಲ್ಲಿ ಪಾಸು."

"ಬಾಕಿ ಸಬ್ಜೆಕ್ಟು?"

"ಇವತ್ತು ಇದೊಂದೇ ಪರೀಕ್ಷೆ. ಹೋಗಿ ಊಟ ಮಾಡು" ಎಂದೆ.

೪. ಇಡೀ ಕುಟುಂಬ

ನೀರಿನಲ್ಲಿ ಏನೋ ಸೇರಿಕೊಂಡಿದೆ, ಮೇಲಿನ ಮನೆಯ ಬಾಬೂಜಿಗೆ ಕಷ್ಟವಾಗಿದೆ ಎಂದು ಮನೆ ಮಾಲೀಕರಿಗೆ ತಿಳಿಯಿತು. ಒಳ್ಳೆಯ ಮನುಷ್ಯ. ಸುಮ್ಮನೆ ಕೂರಲಾರರು. ಒಂದು ಭಾನುವಾರ ನಮಗೆ ಹೇಳದೆ ಕೇಳದೆ ಮಹಡಿ ಹತ್ತಿ ಟ್ಯಾಂಕಿಗೆ ಒಂದು ಹಿಡಿ 'ಲಾಲ್ ದವಾ' ಹಾಕಿ ಬಂದರು. ಇವರ ಅಜ್ಜನ ಕಾಲದಿಂದಲೂ ಬಾವಿಗೆ ಹಾಕುತ್ತಿದ್ದ ಔಷಧವಂತೆ. ಚಿಟಿಕೆ ಹಾಕಬೇಕಾದಲ್ಲಿ ಪ್ರೀತಿ ಜಾಸ್ತಿಯಾಗಿ ಹಿಡಿ ಬಿದ್ದಿತ್ತು.

ಅಪ್ಪ ಸ್ನಾನಕ್ಕೆ ಹೋದವರು ಕೂಗಿಕೊಂಡರು. ಓಡಿಹೋಗಿ ನೋಡಿದರೆ ನಲ್ಲಿಯಿಂದ ಗುಲಾಬಿ ನೀರು. ಒಗೆಯಲು ನೆನೆಸಿಟ್ಟ ನಾಲ್ಕು ಬಿಳಿ ಪಂಚೆ ಮೊದಲು ಗುಲಾಬಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿದವು. ಮಾಲೀಕರು ಬಾಗಿಲಲ್ಲಿ ನಿಂತು ಹೆಮ್ಮೆಯಿಂದ, "ಅಬ್ ಪಾನೀ ಏಕದಮ್ ಶುದ್ಧ್" ಎಂದರು.

ನಾನು ಬಾಗಿಲಿಗೆ ಒರಗಿ ನಿಂತೆ. "ಅಂಕಲ್, ಅದರ ಪೂರ್ತಿ ಹೆಸರು ಗೊತ್ತಾ? ಪೊಟ್ಯಾಸಿಯಂ ಪರ್ಮ್ಯಾಂಗನೇಟ್."

ಅವರ ಮುಖ ಬಿಳಿಚಿತು. ಅಪ್ಪನಿಗೆ ಹಿಂದಿ ಬರದಿದ್ದರೂ ಪೊಟ್ಯಾಸಿಯಂ ಅನ್ನುವ ಪದ ಕಿವಿಗೆ ಬಿತ್ತು. ಸೋಪಿನ ಮೈಯಲ್ಲೇ ಟವೆಲ್ ಸುತ್ತಿಕೊಂಡು ಹೊರಗೆ ಬಂದು, "ಕಳ್ಳನ್ನ ಹಿಡಿಯಕ್ಕೆ ಕಳ್ಳನ ಅಣ್ಣನ್ನೇ ಕಳಿಸವ್ರೆ" ಎಂದರು.

ಟ್ಯಾಂಕು ಖಾಲಿ ಮಾಡಿಸಿ ತೊಳೆಸುವಷ್ಟರಲ್ಲಿ ನನ್ನ ಭಾನುವಾರ ಮುಗಿಯಿತು. ಪಶ್ಚಾತ್ತಾಪದಲ್ಲಿ ಬೆಂದ ಮಾಲೀಕರು ಸಂಜೆ ಮತ್ತೆ ಬಂದರು. ಕೈಯಲ್ಲಿ ದೊಡ್ಡ ಬಿಳಿ ಹರಳು. "ಬೇಟಿ, ಅದು ಬೇಡ. ಈ ಫಿಟ್‌ಕರೀ ಹಾಕೋಣ. ಇದರಲ್ಲಿ ಏನೂ ದೋಷ ಇಲ್ಲ."

ಫಿಟ್‌ಕರೀ ಅಂದರೆ ಪಟಿಕ. ಕೆಮಿಸ್ಟ್ರಿ ಓದಿದ ಪಾಪಕ್ಕೆ ನಾನು ಅಪ್ಪನಿಗೆ ನಿಜವನ್ನೇ ಹೇಳಿದೆ. ಪೇಟೆಯ ಪಟಿಕದಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ.

ಅಪ್ಪ ಆ ಹರಳನ್ನು ತಿರುಗಿಸಿ ತಿರುಗಿಸಿ ನೋಡಿ ಮಾಲೀಕರ ಕೈಗೆ ವಾಪಸು ಇಟ್ಟರು. "ತಮ್ಮನೂ ಬಂದ. ಇನ್ನು ಹೆಂಡ್ತಿ ಮಕ್ಕಳು ಎಲ್ಲಿದ್ದಾರೋ ಕೇಳವ್ವ, ಇಡೀ ಕುಟುಂಬವನ್ನ ಒಟ್ಟಿಗೇ ಕಟಕಟೆ ಹತ್ತಿಸಾನ."

೫. ತೆಗೆದು ಹಾಕುವವನು

ಇದು ಸಣ್ಣದು. ನೀರಿನ ಫಿಲ್ಟರು ಮಾರುವವನೊಬ್ಬ ಬಂದ. ಯಂತ್ರ ನೀರಿನಲ್ಲಿರುವ ಎಲ್ಲವನ್ನೂ ತೆಗೆದುಬಿಡುತ್ತದೆ ಎಂದ. ನಾನು ಒಂದೊಂದೇ ವಾಕ್ಯ ಅಪ್ಪನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ. ಅಪ್ಪ ಖುಷಿಯಾಗಿ ಅವನಿಗೆ ಕಾಫಿ ಕೊಡಿಸಿದರು. ಅವನು ಕಾಫಿ ಕುಡಿದು ಯಂತ್ರದ ಕೊನೆಯಲ್ಲಿರುವ ಒಂದು ಪುಟ್ಟ ಡಬ್ಬಿ ತೋರಿಸಿದ. ಎಲ್ಲ ತೆಗೆದ ಮೇಲೆ ನೀರಿಗೆ ರುಚಿ ಇರುವುದಿಲ್ಲ, ಅದಕ್ಕೆ ಈ ಡಬ್ಬಿ ಮತ್ತೆ ಖನಿಜ ಬೆರೆಸುತ್ತದೆ, ಮೆಗ್ನೀಸಿಯಂ, ಪೊಟ್ಯಾಸಿಯಂ...

ಅಪ್ಪ ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ಒಂದು ಬಾಗಿಲಲ್ಲಿ ಅರೆಸ್ಟು, ಇನ್ನೊಂದು ಬಾಗಿಲಲ್ಲಿ ಬಿಡುಗಡೆ. ಇವನು ಮೊದಲು ಪೊಲೀಸಿನಲ್ಲಿದ್ನಾ ಕೇಳು."

೬. ಬಸಿದದ್ದು

ತಿಂಗಳು ಮುಗಿಯಿತು. ಮತ್ತೆ ರಕ್ತ ಕೊಟ್ಟೆವು. ಇಳಿಯಬೇಕಾದ ಕೆ ಏರಿತ್ತು. ೬.೧.

ಡಾಕ್ಟರು ಈ ಸಲ ಪೆನ್ನಿನಲ್ಲಿ ಸುತ್ತು ಹಾಕಲಿಲ್ಲ. ಎದೆಯ ಇಸಿಜಿ ತೆಗೆಸಿ, ಸದ್ಯಕ್ಕೆ ಹೃದಯ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಪೊಟ್ಯಾಸಿಯಂ ಇಳಿಸುವ ಒಂದು ಪುಡಿ ಬರೆದುಕೊಟ್ಟರು. "ಒಂದು ವಾರ ನೋಡೋಣ. ಇಳಿಯದಿದ್ದರೆ ಮುಂದಿನ ಸೋಮವಾರ ಅಡ್ಮಿಟ್. ಇಷ್ಟು ಪಥ್ಯ ಮಾಡಿಯೂ ಯಾಕೆ ಏರುತ್ತಿದೆ ಅನ್ನೋದೇ ಅರ್ಥವಾಗುತ್ತಿಲ್ಲ" ಎಂದರು. ಅಪ್ಪ ಅದನ್ನು ನನ್ನ ಮುಖದಲ್ಲೇ ಓದಿಕೊಂಡರು. ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ, ಜನ ಹತ್ತುತ್ತಾ ಇಳಿಯುತ್ತಾ ಇದ್ದ ಕಡೆಯೇ, ನಾನು ಗೋಡೆ ಕಡೆ ತಿರುಗಿ ಅತ್ತೆ. ಊರಿನ ಬಾಟಲಿಗಳನ್ನೆಲ್ಲ ಪರೀಕ್ಷೆ ಮಾಡುವ ಮಗಳು ಅಪ್ಪನ ಮೈಗೆ ಅದು ಎಲ್ಲಿಂದ ಹೋಗುತ್ತಿದೆ ಎಂದು ಹೇಳಲಾರಳು, ಅನ್ನುವುದು ತುಂಬಾ ಚುಚ್ಚಿತ್ತು.

ಮಂಗಳವಾರ ಲ್ಯಾಬಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನಕ್ಕೇ ಮನೆಗೆ ಬಂದೆ. ವಾರದ ದಿನ ನಾನು ಆ ಹೊತ್ತಿಗೆ ಮನೆಯಲ್ಲಿರುವುದೇ ಇಲ್ಲ. ಒಂಬತ್ತಕ್ಕೆ ಹೊರಟರೆ ಸಂಜೆ ಏಳು, ರಾತ್ರಿ ಚಪಾತಿ. ಭಾನುವಾರ ಅಮ್ಮನಿಗೆ ರಜೆ ಕೊಟ್ಟು ನಾನೇ ಅಡುಗೆ ಮಾಡುತ್ತೇನೆ. ಅಪ್ಪ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಅನ್ನ, ಬೆಂದ ಸೊಪ್ಪಿನ ಪಲ್ಯ. ಕೈಯಲ್ಲಿ ಉದ್ದನೆಯ ಸ್ಟೀಲ್ ಲೋಟ. ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದರು.

"ಏನಪ್ಪ ಅದು?"

"ಮದ್ದು. ದಿನಾ ಎರಡು ಲೋಟ ಕೊಡ್ತಾಳೆ ನಿಮ್ಮವ್ವ. ಉಪ್ಪಿಲ್ಲ, ಖಾರ ಇಲ್ಲ. ಪ್ರಾಣ ಉಳೀಬೇಕಲ್ಲ, ಕುಡೀತೀನಿ."

ಲೋಟ ಕಸಿದು ಮೂಸಿದೆ. ಸೊಪ್ಪಿನ ವಾಸನೆ, ಬೇಳೆ ಕಟ್ಟಿನ ವಾಸನೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮಂಡ್ಯದವಳಾಗಿ ಆ ವಾಸನೆ ನನಗೆ ಗೊತ್ತಾಗದಿದ್ದರೆ ಹೇಗೆ? ಬಸ್ಸಾರು! ಸೊಪ್ಪು, ಬೇಳೆ ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ನಮ್ಮ ಸಾರು.

"ಅಮ್ಮಾ! ಇದನ್ನ ಯಾಕೆ ಕೊಡ್ತಿದ್ದೀಯ?"

ಅಮ್ಮ ಸೌಟು ಹಿಡಿದುಕೊಂಡೇ ಬಂದಳು. "ಇನ್ನೇನು ಕೊಡ್ಲಿ? ಡಾಕ್ಟ್ರು ಹೇಳಿದ್ದಲ್ವಾ? ನೀನೇ ಅಲ್ವಾ ಮೆಟ್ಟಿಲು ಇಳೀತಾ ಇಳೀತಾ ಹೇಳಿದ್ದು, ತರಕಾರಿ ಚೆನ್ನಾಗಿ ಬೇಯಿಸಿ, ನೀರು ಬಸಿದು ಕೊಡಬೇಕಂತೆ ಅಂತ. ಬಸಿದೆ. ಕೊಟ್ಟೆ."

ಡಾಕ್ಟರು ಹೇಳಿದ್ದು ತರಕಾರಿ ಬೇಯಿಸಿ, ನೀರು ಬಸಿದು ಚೆಲ್ಲಿ, ತರಕಾರಿ ಮಾತ್ರ ಕೊಡಿ ಎಂದು. ಬೇಯಿಸಿದರೆ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಆ ನೀರಿನ ಜೊತೆ ಮನೆ ಬಿಟ್ಟು ಹೋಗುತ್ತದೆ. ಬೇರೆ ಯಾವ ಊರಿನ ಹೆಂಗಸಿಗಾದರೂ 'ಬಸಿದು ಕೊಡು' ಅಂದರೆ ಬಸಿದ ನೀರು ಚೆಲ್ಲುತ್ತಿದ್ದಳೋ ಏನೋ. ನಾನು ಹೇಳಿದ್ದು ಮಂಡ್ಯದವಳಿಗೆ. ಅವಳ ಮನೆಯಲ್ಲಿ ಬಸಿದ ನೀರನ್ನು ಚೆಲ್ಲಿದವರು ಮೂರು ತಲೆಮಾರಿನಲ್ಲಿ ಒಬ್ಬರೂ ಇಲ್ಲ.

"ಎರಡನೇ ವಾರದಿಂದ ಸೊಪ್ಪು ಎರಡು ಕಟ್ಟು ಜಾಸ್ತಿ ಹಾಕ್ದೆ. ಸತ್ವ ಎಲ್ಲ ಆ ನೀರಲ್ಲೇ ಅಲ್ವಾ ಇರೋದು?" ಎಂದಳು ಅಮ್ಮ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ರಸಾಯನಶಾಸ್ತ್ರವನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಲೋಟದಲ್ಲಿ ಉಳಿದದ್ದನ್ನು ಬಾಟಲಿಗೆ ತುಂಬಿಕೊಂಡು ಬುಧವಾರ ಲ್ಯಾಬಿಗೆ ಒಯ್ದೆ. ಸೋಸಿ, ನೀರು ಬೆರೆಸಿ ತೆಳ್ಳಗೆ ಮಾಡಿ ಯಂತ್ರಕ್ಕೆ ಕೊಟ್ಟರೂ ಅಂಕಿ ಅಳತೆಯ ಆಚೆ ಹೋಯಿತು. ಮತ್ತೆ ತೆಳ್ಳಗೆ ಮಾಡಿದೆ, ಮತ್ತೆ ಹೋಯಿತು. ಸಹಾಯಕ ಬಾಟಲಿ ಮುಚ್ಚಳ ತೆಗೆದು ಮೂಸಿ, ಕಣ್ಣರಳಿಸಿದ. "ಮೇಡಂಜೀ, ಇದು ಯಾವ ಮೊಹಲ್ಲಾದ ಬೋರಿಂಗು? ಇದರಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿದೆ. ಅಲ್ಲಿಯವರು ಇದರ ಜೊತೆ ಅನ್ನಾನೂ ಕೊಡ್ತಾರಾ?"

ಸಂಜೆ ಮನೆಗೆ ಬಂದು ಅಪ್ಪನ ಮುಂದೆ ತಪ್ಪೊಪ್ಪಿಗೆ ಕೊಟ್ಟೆ. ನನ್ನಿಂದಲೇ ಆದದ್ದು, ಅವಸರದಲ್ಲಿ ಅರ್ಧ ಹೇಳಿಬಿಟ್ಟೆ ಎಂದೆ. ಅಪ್ಪ ಬೈಯಲಿಲ್ಲ. ನನ್ನ ತಲೆ ಮೇಲೆ ಕೈಯಿಟ್ಟರು.

"ನಮ್ಮ ಕೋರ್ಟಲ್ಲಿ ತರ್ಜುಮೆ ಮಾಡೋರಿಗೆ ಒಂದು ಮಾತು ಹೇಳ್ತಿದ್ವಿ. ಒಂದು ಪದ ನುಂಗಿದ್ರೆ ಒಬ್ಬ ಒಳಗೆ ಹೋಯ್ತಾನೆ ಅಂತ. ನೀನು 'ಚೆಲ್ಲಿ' ಅನ್ನೋದೊಂದು ಪದ ನುಂಗಿದೆ ಕಣವ್ವ, ನಾನು ದಿನಾ ಎರಡು ಲೋಟ ನುಂಗಿದೆ."

೭. ಸೋಮವಾರ

ಆ ವಾರ ಅಮ್ಮನ ಕಷ್ಟ ನೋಡಲಾಗುತ್ತಿರಲಿಲ್ಲ. ಸೊಪ್ಪು ಬೇಯಿಸುತ್ತಾಳೆ, ಬಸಿಯುತ್ತಾಳೆ, ಪಾತ್ರೆ ಹಿಡಿದುಕೊಂಡು ಸಿಂಕಿನ ಮುಂದೆ ನಿಲ್ಲುತ್ತಾಳೆ. ಚೆಲ್ಲಲು ಕೈ ಬರುವುದಿಲ್ಲ. ಕೊನೆಗೆ ಮುಖ ಆ ಕಡೆ ತಿರುಗಿಸಿಕೊಂಡು ಪಾತ್ರೆ ಬಗ್ಗಿಸುತ್ತಾಳೆ. ಹಸಿರು ನೀರು ಹೋಗುವ ಸದ್ದು ನಿಂತ ಮೇಲೆ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾಳೆ.

ಸೋಮವಾರ ಅಡ್ಮಿಟ್ ಆಗಲು ಬಟ್ಟೆ ಚೀಲವನ್ನೂ ಕಟ್ಟಿಕೊಂಡೇ ಹೋದೆವು. ಅಪ್ಪ ದಾರಿಯುದ್ದಕ್ಕೂ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಗಂಟನ್ನೇ ನೋಡುತ್ತಿದ್ದರು. ಡಾಕ್ಟರು ಹೊಸ ರಿಪೋರ್ಟು ತೆರೆದರು. ಒಂದು ಸಲ ನೋಡಿ, ಹಾಳೆ ತಿರುಗಿಸಿ, ಹೆಸರು ಸರಿಯಿದೆಯಾ ಎಂದು ಮತ್ತೊಂದು ಸಲ ನೋಡಿದರು.

"ಚಾರ್ ಪಾಯಿಂಟ್ ಆಠ್! ಮೆಷೀನು ಬೇಡ. ಮನೆಗೆ ಹೋಗಿ."

೪.೮, ಐದರ ಒಳಗೆ. ಅಪ್ಪ ಚೀಲವನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನನಗೂ ಕಣ್ಣು ಮಂಜಾಯಿತು. ಡಾಕ್ಟರು ಸಂತೋಷದಿಂದ, ಪುಡಿಯೊಂದರಿಂದಲೇ ಇಷ್ಟು ಇಳಿಯುವುದಿಲ್ಲ, ಈ ವಾರ ಮನೆಯಲ್ಲಿ ಏನು ಬದಲಾಯಿತು ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದು ತಡೆದಳು. ನನ್ನ ತರ್ಜುಮೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಮನೆ ಮಾಲೀಕರ ಹೆಂಡತಿಯ ಹತ್ತಿರ ಕಲಿತಿದ್ದ ನಾಲ್ಕು ಪದಗಳನ್ನು ಕೂಡಿಸಿ, ಜೀವನದಲ್ಲಿ ಮೊದಲ ಸಲ ಒಬ್ಬ ಡಾಕ್ಟರ ಮುಂದೆ ತಾನೇ ಹಿಂದಿ ಮಾತಾಡಿದಳು.

"ಡಾಕ್ಟರ್ ಸಾಬ್, ಹಮಾರಾ ಬಸ್ಸಾರು ಗಯಾ. ಮಂಗಲ್‌ವಾರ್ ಕೋ ಗಯಾ. ಬಹುತ್ ದುಃಖ್."

ನಮ್ಮ ಬಸ್ಸಾರು ಹೋಯಿತು, ಮಂಗಳವಾರ ಹೋಯಿತು! ಡಾಕ್ಟರ ನಗು ಮಾಯವಾಯಿತು. ಪೆನ್ನು ಕೆಳಗಿಟ್ಟು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅರೇ, ಮಾತಾಜೀ... 'ಬಸ್ಸಾರೂಜೀ' ನಿಮಗೆ ಏನಾಗಬೇಕಿತ್ತು?" ಎಂದು ನನ್ನನ್ನು ಕೇಳಿದರು. ನಾನು ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಅಪ್ಪನಿಗೆ ಬಸ್ಸಾರೂಜೀ ಅನ್ನುವುದು ಕೇಳಿಸಿತು. ತಮ್ಮ ಕೋರ್ಟಿನ ಗಂಭೀರ ದನಿಯಲ್ಲಿ, ತಮಗೆ ಬರುವ ಅಷ್ಟೂ ಹಿಂದಿಯನ್ನು ಒಂದೇ ಸಲ ಖರ್ಚು ಮಾಡಿದರು.

"ಬಚಪನ್ ಸೇ ಸಾಥ್ ಥಾ."

ಚಿಕ್ಕಂದಿನಿಂದ ಜೊತೆಗಿದ್ದವನು! ಡಾಕ್ಟರು ಎದ್ದೇ ನಿಂತರು. ಅಮ್ಮನಿಗೆ ಕೈಮುಗಿದು, "ಭಗವಾನ್ ಉನಕೀ ಆತ್ಮಾ ಕೋ ಶಾಂತಿ ದೇಂ" ಎಂದರು. ಕಾಶಿಯಲ್ಲಿ ಹೋದವರಿಗೆ ಮುಕ್ತಿ ನಿಶ್ಚಯ, ದುಃಖ ಪಡಬೇಡಿ ಎಂದೂ ಸೇರಿಸಿದರು.

ಅಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಏನಂದ್ರು? ಪೂರ್ತಿ ಹೇಳು. ಒಂದು ಪದಾನೂ ನುಂಗಬೇಡ."

ಈ ಸಲ ನಾನು ಒಂದಕ್ಷರ ಬಿಡದೆ ತರ್ಜುಮೆ ಮಾಡಿದೆ. "ಬಸ್ಸಾರಿನ ಆತ್ಮಕ್ಕೆ ದೇವರು ಶಾಂತಿ ಕೊಡಲಿ, ಅದು ಕಾಶಿಯಲ್ಲಿ ಹೋಗಿದ್ದರಿಂದ ಮುಕ್ತಿ ಸಿಕ್ಕಿದೆ, ಅಳಬೇಡಿ ಅಂದ್ರು."

ಅಮ್ಮ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ನೋಡಿ, ಮಂಡ್ಯದಲ್ಲಿ ಅಷ್ಟು ಡಾಕ್ಟ್ರಿಗೆ ತೋರಿಸಿದ್ವಿ. ಸಾರಿನ ಬೆಲೆ ಗೊತ್ತಿರೋ ಡಾಕ್ಟ್ರು ಇವರೊಬ್ಬರೇ."